ಬೀಜಕ್ಕೇ ಗೊಬ್ಬರ ಕುಡಿಸಿದ್ರೆ ಮೂಟೆ ಗೊಬ್ಬರ ಬೇಡ್ವಾ? ಭತ್ತದ ಬೀಜ ನೆನೆಸೋದರ ಹಿಂದಿನ ಲೆಕ್ಕ

2025ರ ಮುಂಗಾರಲ್ಲಿ ಯೂರಿಯಾಗೋಸ್ಕರ ರೈತರು ಬೆಳಗಿನ ಜಾವದಿಂದಲೇ ಸೊಸೈಟಿ ಮುಂದೆ ಸಾಲು ನಿಂತಿದ್ದನ್ನ ಎಲ್ಲರೂ ಟಿವಿಯಲ್ಲಿ ನೋಡಿದ್ದೀವಿ, ಕೊಪ್ಪಳದ ಕಡೆ ಗೊಬ್ಬರ ಸಿಗದೆ ರೈತರೊಬ್ಬರು ಮಣ್ಣು ತಿಂದ ವಿಡಿಯೋ ರಾಜ್ಯ ತುಂಬಾ ಓಡಾಡ್ತು. ರಂಜಕ (ಫಾಸ್ಫರಸ್) ಜಾಸ್ತಿ ಇರೋ ಡಿಎಪಿ ಗೊಬ್ಬರದ ತೊಂದರೆ ಅದಕ್ಕೂ ಮುಂಚಿಂದನೇ ಇತ್ತು, ಚೀನಾ ಫಾಸ್ಫೇಟ್ ರಫ್ತಿಗೆ ಕಡಿವಾಣ ಹಾಕಿದ ಮೇಲೆ ನಮ್ಮಲ್ಲಿಗೆ ಬರೋ ಮಾಲು ಕಮ್ಮಿ ಆಯ್ತು, ಬಿತ್ತನೆ ಟೈಮಿಗೆ ಮೂಟೆ ಸಿಗೋದು ಗ್ಯಾರಂಟಿ ಇಲ್ಲ ಅನ್ನೋ ಹಾಗಾಯ್ತು.

ಈ ಗಲಾಟೆ ಮಧ್ಯೆ ಇನ್ನೊಂದು ಥರದ ಸುದ್ದಿ ರೈತರ ಮೊಬೈಲಿಗೆ ಬರೋಕೆ ಶುರುವಾಯ್ತು. ಭತ್ತದ ಬೀಜನ ಜಿಂಕ್ ನೀರಲ್ಲಿ ಒಂದು ರಾತ್ರಿ ನೆನೆಸಿ, ಇಲ್ಲಾ ಬಾಟಲಿಯಲ್ಲಿ ಬರೋ ದ್ರವ ಗೊಬ್ಬರ ನ್ಯಾನೋ ಡಿಎಪಿ ಹಚ್ಚಿ ಬಿತ್ತಿ, ಮೊಳಕೆ ಚೆನ್ನಾಗಿ ಬರುತ್ತೆ, ಸಸಿ ಗಟ್ಟಿಯಾಗುತ್ತೆ, ಗೊಬ್ಬರ ಅರ್ಧಕ್ಕೆ ಇಳಿಸಬಹುದು ಅಂತ. ಇದಕ್ಕೆ ಎದುರು ಮಾತೂ ಅಷ್ಟೇ ಜೋರಾಗಿದೆ. ಬೀಜ ನೆನೆಸೋದು ನಮ್ಮ ಅಜ್ಜನ ಕಾಲದಿಂದ ಇದೆ, ಅದಕ್ಕೆ ಸೀಡ್ ಪ್ರೈಮಿಂಗ್ ಅಂತ ಇಂಗ್ಲಿಷ್ ಹೆಸರಿಟ್ಟು ಬಾಟಲಿ ಮಾರ್ತಿದಾರೆ ಅಷ್ಟೇ ಅಂತ. ಎರಡನ್ನೂ ಓದಿದವರಿಗೆ ಗೊಂದಲ ಆಗೋದು ಸಹಜ, ಯಾಕಂದ್ರೆ ಎರಡರಲ್ಲೂ ಅರ್ಧ ಸತ್ಯ ಇದೆ.

ಇಲ್ಲಿ ನಾಲ್ಕು ಬೇರೆ ಬೇರೆ ವಿಷಯ ಒಂದರೊಳಗೊಂದು ಕಲಸಿಹೋಗಿವೆ: ನೀರಲ್ಲಿ ನೆನೆಸೋದರ ಲಾಭ, ಜಿಂಕ್ ಬೋರಾನ್ ಥರದ ಸೂಕ್ಷ್ಮ ಪೋಷಕಾಂಶ ಸೇರಿಸೋದರ ಲಾಭ, ಸಾರಜನಕ ರಂಜಕದಂಥ ದೊಡ್ಡ ಪ್ರಮಾಣದ ಪೋಷಕಾಂಶನ ಬೀಜದ ಮೂಲಕ ಕೊಡ್ತೀವಿ ಅನ್ನೋ ಮಾತು, ಮತ್ತೆ ಗೊಬ್ಬರ ಉಳಿತಾಯ. ಇವನ್ನ ಬಿಡಿಸಿ ನೋಡಿದ್ರೆ ಯಾವುದು ಗಟ್ಟಿ ಯಾವುದು ಜಳ್ಳು ಅಂತ ತಿಳಿಯುತ್ತೆ.

ನೆನೆಸೋದು ಹಳೇದು, ಮತ್ತೆ ಒಣಗಿಸೋದು ಹೊಸದು

ಸಸಿಮಡಿಗೆ ಬೀಜ ಹಾಕೋರು ಮೊದಲಿಂದಲೂ ಒಂದು ಹಗಲು ಒಂದು ರಾತ್ರಿ ಭತ್ತ ನೆನೆಸ್ತಾರೆ, ತೇಲಿದ ಜಳ್ಳು ತೆಗೀತಾರೆ, ಆಮೇಲೆ ಗೋಣಿಚೀಲದಲ್ಲಿ ಕಟ್ಟಿ ಬೆಚ್ಚಗೆ ಇಟ್ಟು ಮೊಳಕೆ ಕಟ್ಟಿಸ್ತಾರೆ. ಬಿಳಿ ಮೊಳಕೆ ಇಣುಕಿದ ಮೇಲೆ ಕೆಸರು ಮಡಿಗೆ ಚೆಲ್ತಾರೆ. ಇದು ಮೊಳಕೆ ಬರಿಸಿ ಬಿತ್ತೋ ಪದ್ಧತಿ, ಕೆಸರು ಗದ್ದೆಗೆ ಹೇಳಿ ಮಾಡಿಸಿದ್ದು. ಆದ್ರೆ ಈ ಮೊಳಕೆ ಬಂದ ಬೀಜನ ಕೂರಿಗೆಗೆ (ಸಾಲಲ್ಲಿ ಬೀಜ ಬಿತ್ತೋ ಸಾಧನ) ಹಾಕೋಕಾಗಲ್ಲ, ಮೊಳಕೆ ಮುರಿಯುತ್ತೆ, ಮಣ್ಣು ಸ್ವಲ್ಪ ಒಣಗಿದ್ರೂ ಸಾಯುತ್ತೆ.

ಸೀಡ್ ಪ್ರೈಮಿಂಗ್ ಅನ್ನೋದು ಇದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೆ. ಬೀಜ ನೀರು ಕುಡಿದು ಒಳಗೆ ಕೆಲಸ ಶುರುಮಾಡಬೇಕು, ಆದ್ರೆ ಬೇರು ಹೊರಗೆ ಇಣುಕೋದಕ್ಕೆ ಮುಂಚೆನೇ ತೆಗೆದು ನೆರಳಲ್ಲಿ ಹರಡಿ ಮೊದಲಿನ ತೂಕಕ್ಕೆ ಬರೋವರೆಗೂ ಒಣಗಿಸಬೇಕು. ಹಾಗೆ ಒಣಗಿದ ಬೀಜ ನೋಡೋಕೆ ಮಾಮೂಲಿ ಬೀಜದ ಥರನೇ ಇರುತ್ತೆ, ಕೂರಿಗೆಯಲ್ಲಿ ಸರಾಗವಾಗಿ ಇಳಿಯುತ್ತೆ, ಮಣ್ಣಲ್ಲಿ ಮತ್ತೆ ತೇವ ಸಿಕ್ಕ ಕೂಡ್ಲೆ ಬೇರೆ ಬೀಜಗಳಿಗಿಂತ ಮೊದಲು ಎದ್ದು ಬರುತ್ತೆ.

1973ರಲ್ಲಿ ಇಂಗ್ಲೆಂಡಿನಲ್ಲಿ ಹೈಡೆಕರ್ ಮತ್ತು ಜೊತೆಗಾರರು ತರಕಾರಿ ಬೀಜಗಳ ಮೇಲೆ ಈ ಥರದ ಕೆಲಸ ಪ್ರಕಟಿಸಿದ್ರು. ಅವರು ಬಳಸಿದ ದ್ರಾವಣ ಎಲ್ಲ ಲ್ಯಾಬ್ ಮಟ್ಟದ್ದು. ಇದನ್ನ ರೈತರ ಬಕೆಟ್ಟಿಗೆ ತಂದವರಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ಡೇವ್ ಹ್ಯಾರಿಸ್ ಹೆಸರು ಮುಖ್ಯ, 1990ರ ದಶಕದಲ್ಲಿ ಭಾರತ ಮತ್ತು ಆಫ್ರಿಕಾದ ಒಣಭೂಮಿ ರೈತರ ಜೊತೆ ಬರೀ ನೀರಲ್ಲಿ ಬೀಜ ನೆನೆಸಿ ಬಿತ್ತೋ ಪ್ರಯೋಗಗಳನ್ನ ಅವರ ತಂಡ ಮಾಡ್ತು. ಪ್ರತಿ ಬೆಳೆಗೂ ಇಷ್ಟು ಗಂಟೆ ದಾಟಬಾರದು ಅಂತ ಒಂದು ಮಿತಿ ಇದೆ ಅನ್ನೋದನ್ನ ಅವರು ಒತ್ತಿ ಹೇಳಿದ್ರು. ಕಡಲೆಗೆ ಸುಮಾರು 8 ಗಂಟೆ, ಭತ್ತ ಮೆಕ್ಕೆಜೋಳಕ್ಕೆ ಹೆಚ್ಚು ಅಂದ್ರೆ 24 ಗಂಟೆ. ಮಿತಿ ದಾಟಿದ್ರೆ ಬೀಜ ಹೊರಗಿನ ತೇವ ಇಲ್ದೆನೂ ಮೊಳಕೆ ಒಡೆಯೋಕೆ ಹೊರಡುತ್ತೆ, ಅಲ್ಲಿಂದ ವಾಪಸ್ ಬರೋ ದಾರಿ ಇಲ್ಲ.

ಕಾಳಿನ ಒಳಗೆ ಏನಾಗುತ್ತೆ

ಒಳ್ಳೆ ಬಿತ್ತನೆ ಬೀಜದಲ್ಲಿ ತೇವಾಂಶ ಶೇ 13ಕ್ಕಿಂತ ಜಾಸ್ತಿ ಇರಬಾರದು, ಮೊಳಕೆ ಪ್ರಮಾಣ ಶೇ 80ಕ್ಕಿಂತ ಕಮ್ಮಿ ಇರಬಾರದು, ನಮ್ಮ ದೇಶದ ಪ್ರಮಾಣೀಕೃತ ಭತ್ತದ ಬೀಜಕ್ಕೆ ಇರೋ ನಿಯಮ ಇದು. ಅಂಥ ಒಣ ಕಾಳು ನೀರಿಗೆ ಬಿದ್ದ ಕೂಡ್ಲೆ ಮೊದಲ ಕೆಲವು ಗಂಟೆ ಜೋರಾಗಿ ನೀರು ಎಳ್ಕೊಳ್ಳುತ್ತೆ. ಆಮೇಲೆ ಒಂದು ಹಂತ ಬರುತ್ತೆ, ಹೊರಗಿಂದ ನೋಡಿದ್ರೆ ಏನೂ ಆಗ್ತಿಲ್ಲ ಅನಿಸುತ್ತೆ, ತೂಕನೂ ಹೆಚ್ಚಲ್ಲ, ಆದ್ರೆ ನಿಜವಾದ ಕೆಲಸ ನಡೆಯೋದೇ ಆವಾಗ. ಗೋದಾಮಲ್ಲಿ ಇದ್ದಷ್ಟು ದಿನ ಹಾಳಾಗಿದ್ದ ಡಿಎನ್‌ಎ ರಿಪೇರಿ ಆಗುತ್ತೆ, ಉಸಿರಾಟ ಶುರುವಾಗುತ್ತೆ, ಭ್ರೂಣದಿಂದ ಹೊರಟ ಜಿಬ್ಬರೆಲಿನ್ ಅನ್ನೋ ಹಾರ್ಮೋನು ಅಕ್ಕಿಯ ಸುತ್ತ ಇರೋ ತೌಡಿನ ಪದರಕ್ಕೆ ಹೋಗಿ ಅಮೈಲೇಸ್ ಕಿಣ್ವ ತಯಾರಿಸೋಕೆ ಹೇಳುತ್ತೆ, ಆ ಕಿಣ್ವ ಪಿಷ್ಟನ ಸಕ್ಕರೆ ಮಾಡುತ್ತೆ, ಸಸಿ ಸ್ವಂತ ಎಲೆ ಬಿಟ್ಟು ದುಡಿಯೋವರೆಗೂ ತಿನ್ನೋದು ಈ ಸಕ್ಕರೆನೇ.

ಮೂರನೇ ಹಂತದಲ್ಲಿ ಬೇರು ಹೊರಗೆ ಬರುತ್ತೆ, ಅಲ್ಲಿಗೆ ಒಣಗಿದ್ರೂ ಬದುಕೋ ಶಕ್ತಿ ಹೋಗುತ್ತೆ. ಎರಡನೇ ಹಂತದ ಕೆಲಸ ಮುಗಿಸಿಕೊಂಡು ಮೂರಕ್ಕೆ ಕಾಲಿಡೋ ಮುಂಚೆ ನಿಲ್ಲಿಸೋದೇ ಪ್ರೈಮಿಂಗ್. ಅದಕ್ಕೇ ಮಣ್ಣಿಗೆ ಬಿದ್ದ ಮೇಲೆ ಈ ಬೀಜಕ್ಕೆ ಟೈಮ್ ಉಳಿಯುತ್ತೆ, ಎಲ್ಲಾ ಕಾಳೂ ಹೆಚ್ಚುಕಮ್ಮಿ ಒಂದೇ ಸಲ ಎದ್ದು ಬರ್ತವೆ.

ಪೋಷಕಾಂಶ ಸೇರಿಸೋ ಐಡಿಯಾ ಬರೋದು ಇಲ್ಲಿಂದ. ಹೇಗೂ ಬೀಜ ನೀರು ಕುಡೀತಿದೆ, ಆ ನೀರಲ್ಲೇ ಸ್ವಲ್ಪ ಜಿಂಕ್ ಸಲ್ಫೇಟ್ ಹಾಕಿದ್ರೆ ಅದೂ ಒಳಗೆ ಹೋಗುತ್ತಲ್ಲ ಅಂತ. ಜಿಂಕ್ ಬೇಕಾಗೋದು ಬೆಳವಣಿಗೆ ಹಾರ್ಮೋನು ತಯಾರಾಗೋಕೆ ಮತ್ತು ಹಲವು ಕಿಣ್ವ ಕೆಲಸ ಮಾಡೋಕೆ, ಬೋರಾನ್ ಬೇಕಾಗೋದು ಜೀವಕೋಶದ ಗೋಡೆ ಕಟ್ಟೋಕೆ. ಪೊಟ್ಯಾಷ್, ಕ್ಯಾಲ್ಸಿಯಂ ಕ್ಲೋರೈಡ್ ಇವನ್ನ ಬಳಸೋ ಕಾರಣ ಬೇರೆ, ಇವು ನೀರಿನ ಓಟನ ಸ್ವಲ್ಪ ತಡೆದು ಬೀಜ ನಿಧಾನಕ್ಕೆ ಕುಡಿಯೋ ಹಾಗೆ ಮಾಡ್ತವೆ, ಬರ ತಡೆಯೋ ಗುಣನೂ ಒಂದಷ್ಟು ಕೊಡ್ತವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಮಳೆಯಾಶ್ರಿತ ನೇರ ಬಿತ್ತನೆ (ನಾಟಿ ಮಾಡದೆ ಹೊಲಕ್ಕೇ ಬಿತ್ತೋ) ಭತ್ತಕ್ಕೆ ಶೇ 1ರ ಪೊಟ್ಯಾಷಿಯಂ ಕ್ಲೋರೈಡ್ ನೀರಲ್ಲಿ 16 ಗಂಟೆ ನೆನೆಸಿ ನೆರಳಲ್ಲಿ ಒಣಗಿಸೋಕೆ ಹೇಳುತ್ತೆ, ಇದು ನಿನ್ನೆ ಮೊನ್ನೆ ಬಂದ ಶಿಫಾರಸು ಅಲ್ಲ.

ಗ್ರಾಂ ಲೆಕ್ಕ, ಕೆಜಿ ಲೆಕ್ಕ

ಗೊಂದಲ ಬಗೆಹರಿಸೋಕೆ ಸ್ವಲ್ಪ ಗುಣಾಕಾರ ಮಾಡಿದ್ರೆ ಸಾಕು, ಈ ಭಾಗನ ದಯವಿಟ್ಟು ನಿಧಾನಕ್ಕೆ ಓದಿ.

ಎಕರೆಗೆ 20 ಕೆಜಿ ಬೀಜ ಅಂತ ಇಟ್ಕೊಳ್ಳೋಣ. ಭತ್ತದ ಕಾಳಲ್ಲಿ ಜಿಂಕ್ ಇರೋದು ಕೆಜಿಗೆ ಸುಮಾರು 20 ಮಿಲಿಗ್ರಾಂ, ಅಂದ್ರೆ 20 ಕೆಜಿ ಬೀಜದಲ್ಲಿ ಒಟ್ಟು ಅರ್ಧ ಗ್ರಾಂ ಕೂಡ ಇಲ್ಲ. ಸಸಿ ಹುಟ್ಟಿದ ಮೊದಲ ಒಂದೆರಡು ವಾರದಲ್ಲೇ ಈ ಗಂಟು ಖಾಲಿ. ಈಗ ಅದೇ ಬೀಜನ ಶೇ 0.5ರ ಜಿಂಕ್ ಸಲ್ಫೇಟ್ ನೀರಲ್ಲಿ ನೆನೆಸಿದ್ರೆ ಕಾಳು ಕುಡಿಯೋ ನೀರು ಸುಮಾರು 5 ಲೀಟರ್, ಅದರಲ್ಲಿ ಜಿಂಕ್ ಸಲ್ಫೇಟ್ 25 ಗ್ರಾಂ, ಅದರಲ್ಲಿ ಶೇ 21 ಮಾತ್ರ ಜಿಂಕ್, ಅಂದ್ರೆ ಸುಮಾರು 5 ಗ್ರಾಂ. ಇದರಲ್ಲಿ ಒಂದಷ್ಟು ಹೊಟ್ಟಲ್ಲೇ ಉಳಿಯುತ್ತೆ, ಒಂದಷ್ಟು ತೊಳೆದಾಗ ಹೋಗುತ್ತೆ. ಹಾಗಿದ್ರೂ ಬೀಜದಲ್ಲಿ ಮೊದಲು ಇದ್ದಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಯ್ತು. ಎಳೆ ಸಸಿ ಮಟ್ಟಕ್ಕೆ ಇದು ನಿಜಕ್ಕೂ ದೊಡ್ಡ ಬದಲಾವಣೆ.

ಆದ್ರೆ ಇಡೀ ಬೆಳೆ ಲೆಕ್ಕ ಬೇರೆ. ಎಕರೆಗೆ 25 ಕ್ವಿಂಟಲ್ ಇಳುವರಿ ಬರೋ ಭತ್ತ ಕಾಳು ಹುಲ್ಲು ಎಲ್ಲ ಸೇರಿ ಮಣ್ಣಿಂದ ಎಳ್ಕೊಳ್ಳೋ ಜಿಂಕ್ ನೂರು ಗ್ರಾಂ ಆಸುಪಾಸು. ಬೀಜದ 5 ಗ್ರಾಂ ಅದಕ್ಕೆ ಸಾಲಲ್ಲ, ಉಳಿದಿದ್ದು ಮಣ್ಣಿಂದನೇ ಬರಬೇಕು. ಮಣ್ಣಲ್ಲಿ ಜಿಂಕ್ ಇದೆ ಆದ್ರೆ ಎಳೆ ಬೇರಿಗೆ ಎಟಕ್ತಿಲ್ಲ ಅನ್ನೋ ಜಾಗದಲ್ಲಿ ಬೀಜದ ಜಿಂಕ್ ಚೆನ್ನಾಗಿ ಕೆಲಸ ಮಾಡುತ್ತೆ, ಸಸಿ ಬೇರು ಬಿಟ್ಟು ಆಮೇಲೆ ತಾನೇ ಹುಡುಕಿಕೊಳ್ಳುತ್ತೆ. ಮಣ್ಣಲ್ಲೇ ಇಲ್ಲ ಅಂದ್ರೆ ಮೂರು ವಾರ ಹಸಿರಾಗಿದ್ದು ಆಮೇಲೆ ಕೈ ಕೊಡುತ್ತೆ.

ಈಗ ರಂಜಕಕ್ಕೆ ಬನ್ನಿ. 2023ರ ಏಪ್ರಿಲ್‌ನಲ್ಲಿ ರಸಗೊಬ್ಬರ ಸಹಕಾರ ಸಂಸ್ಥೆ ಇಫ್ಕೋ ಬಿಡುಗಡೆ ಮಾಡಿದ ನ್ಯಾನೋ ಡಿಎಪಿಯಲ್ಲಿ ಶೇ 8 ಸಾರಜನಕ, ಶೇ 16 ರಂಜಕ (ಗೊಬ್ಬರದ ಲೇಬಲ್ಲಲ್ಲಿ ಬರೆಯೋ P2O5 ಲೆಕ್ಕ, ಮುಂದಿನ ಅಂಕಿಗಳೂ ಇದೇ ಲೆಕ್ಕದ್ದು) ಇದೆ, ಕೆಜಿ ಬೀಜಕ್ಕೆ 5 ಎಂಎಲ್ ವರೆಗೂ ಹಚ್ಚಿ ಅಂತಾರೆ. 20 ಕೆಜಿಗೆ 100 ಎಂಎಲ್ ಆಯ್ತು, ಅದರಲ್ಲಿ ರಂಜಕ 16 ಗ್ರಾಂ. ಒಂದು ಮೂಟೆ ಡಿಎಪಿಯಲ್ಲಿ ರಂಜಕ 23 ಕೆಜಿ. 25 ಕ್ವಿಂಟಲ್ ಭತ್ತ ತೆಗೆದುಕೊಳ್ಳೋ ರಂಜಕ 15 ಕೆಜಿ ಆಸುಪಾಸು. ಇನ್ನೂ ಒಂದು ವಿಷಯ ಇದೆ, ಇದನ್ನ ಯಾರೂ ಹೇಳಲ್ಲ: ಆ 20 ಕೆಜಿ ಬೀಜದ ಒಳಗೇ ಪ್ರಕೃತಿ ಇಟ್ಟಿರೋ ರಂಜಕ ಇದೇ ಲೆಕ್ಕದಲ್ಲಿ ನೂರು ಗ್ರಾಂಗಿಂತ ಜಾಸ್ತಿ ಇದೆ, ಅದರಲ್ಲಿ ಬಹುಪಾಲು ಫೈಟೇಟ್ ರೂಪದಲ್ಲಿ ಕೂಡಿಟ್ಟಿರೋದು, ಮೊಳಕೆ ಬರುವಾಗ ಫೈಟೇಸ್ ಕಿಣ್ವ ಅದನ್ನ ಬಿಡಿಸಿ ಸಸಿಗೆ ಕೊಡುತ್ತೆ. ಅಂದ್ರೆ ನಾವು ಹೊರಗಿಂದ ಹಚ್ಚೋದು ಬೀಜ ತಾನೇ ತಂದಿರೋದರ ಏಳನೇ ಒಂದು ಭಾಗದಷ್ಟು ಕೂಡ ಆಗೋದು ಕಷ್ಟ.

ಹಾಗಾಗಿ ಜಿಂಕ್ ಥರದ ಗ್ರಾಂ ಲೆಕ್ಕದ ಪೋಷಕಾಂಶಕ್ಕೆ ಬೀಜ ಒಳ್ಳೆ ದಾರಿ, ಸಾರಜನಕ ರಂಜಕ ಪೊಟ್ಯಾಷ್ ಥರದ ಕೆಜಿ ಲೆಕ್ಕದ್ದಕ್ಕೆ ಬೀಜದಲ್ಲಿ ಜಾಗನೇ ಇಲ್ಲ. ನ್ಯಾನೋ ಕಣ ಎಷ್ಟೇ ಸಣ್ಣದಿರಲಿ, ಎಷ್ಟೇ ಚೆನ್ನಾಗಿ ಹೀರಿಕೊಳ್ಳಲಿ, ಕಾಳು ಕಟ್ಟೋಕೆ ಬೇಕಾದ ರಂಜಕದ ತೂಕ ಬದಲಾಗಲ್ಲ.

ಪರ ಇರೋರು ಏನಂತಾರೆ

ಪರ ವಾದದಲ್ಲಿ ತೂಕ ಇದೆ, ಅದನ್ನ ತಳ್ಳಿಹಾಕಬಾರದು. ದೇಶದ ಮಣ್ಣಿನ ಮಾದರಿಗಳಲ್ಲಿ ಸುಮಾರು ಶೇ 36ರಷ್ಟರಲ್ಲಿ ಜಿಂಕ್ ಕೊರತೆ, ಶೇ 23ರಷ್ಟರಲ್ಲಿ ಬೋರಾನ್ ಕೊರತೆ ಇದೆ ಅಂತ ಅಖಿಲ ಭಾರತ ಮಟ್ಟದ ಮಣ್ಣು ಪರೀಕ್ಷೆ ಹೇಳುತ್ತೆ. ಭತ್ತದಲ್ಲಿ ಜಿಂಕ್ ಕೊರತೆ ಎಷ್ಟು ಹಳೇ ಸಮಸ್ಯೆ ಅಂದ್ರೆ, 1960ರ ದಶಕದಲ್ಲಿ ಈಗಿನ ಉತ್ತರಾಖಂಡದ ಪಂತನಗರದ ಗದ್ದೆಗಳಲ್ಲಿ ಎಲೆ ಮೇಲೆ ಕಂದು ಚುಕ್ಕೆ ಬಿದ್ದು ಸಸಿ ಕುಂಠಿತ ಆಗ್ತಿದ್ದ ಖೈರಾ ಅನ್ನೋದನ್ನ ಎಲ್ಲರೂ ರೋಗ ಅಂದ್ಕೊಂಡಿದ್ರು, ಅದು ರೋಗಾಣು ಕಾಟ ಅಲ್ಲ, ಜಿಂಕ್ ಇಲ್ಲದ್ದೇ ಕಾರಣ ಅಂತ ತೋರಿಸಿದ್ದು ಸಸ್ಯರೋಗ ವಿಜ್ಞಾನಿ ವೈ.ಎಲ್. ನೆನೆ.

ಮಣ್ಣಿಗೆ ಜಿಂಕ್ ಸಲ್ಫೇಟ್ ಹಾಕೋದಾದ್ರೆ ಎಕರೆಗೆ 8ರಿಂದ 10 ಕೆಜಿ ಬೇಕು. ಅದರಲ್ಲಿ ಬೆಳೆಗೆ ಸೇರೋದು ಸ್ವಲ್ಪವೇ, ಕ್ಷಾರ ಜಾಸ್ತಿ ಇರೋ ಕಪ್ಪು ಮಣ್ಣಲ್ಲಿ ಬಹಳಷ್ಟು ಮಣ್ಣಿಗೇ ಅಂಟಿಕೊಂಡು ಕೂರುತ್ತೆ. ಬೀಜ ನೆನೆಸೋಕೆ ಬೇಕಾಗೋದು ನೂರು ಗ್ರಾಂ. ದುಡ್ಡಿಲ್ಲದ ರೈತ ಮೂಟೆ ಜಿಂಕ್ ತರಲ್ಲ, ನೂರು ಗ್ರಾಂ ತರಬಹುದು ಅನ್ನೋದು ಪರ ಇರೋರ ಮುಖ್ಯ ಮಾತು. ಪಾಕಿಸ್ತಾನದ ವಾಯವ್ಯ ಭಾಗದಲ್ಲಿ ಹ್ಯಾರಿಸ್ ತಂಡ ಮೆಕ್ಕೆಜೋಳದ ಬೀಜನ ಶೇ 1ರ ಜಿಂಕ್ ಸಲ್ಫೇಟ್ ನೀರಲ್ಲಿ ನೆನೆಸಿ ಬಿತ್ತಿಸಿ 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಳುವರಿ ಚೆನ್ನಾಗೇ ಏರಿತ್ತು. ಅಮೆರಿಕದ ಅರ್ಕಾನ್ಸಾದಲ್ಲಿ ಒಣ ಬಿತ್ತನೆ ಭತ್ತಕ್ಕೆ ಕೆಜಿ ಬೀಜಕ್ಕೆ ಕೆಲವೇ ಗ್ರಾಂ ಜಿಂಕ್ ಲೇಪಿಸಿದಾಗ ಅದು ಮಣ್ಣಿಗೆ ಹಾಕೋದಕ್ಕೆ ಕಡಿಮೆ ಖರ್ಚಿನ ಬದಲಿ ಆಗಬಲ್ಲದು ಅಂತ 2001ರಲ್ಲಿ ವರದಿಯಾಯ್ತು, ಅದು ನೆನೆಸೋದಲ್ಲ, ಬೀಜಕ್ಕೆ ಹಚ್ಚೋದು, ಪ್ರಮಾಣನೂ ನೆನೆಸೋದಕ್ಕಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಅನ್ನೋದು ನೆನಪಿರಲಿ. ಮಡಗಾಸ್ಕರ್‌ನಲ್ಲಿ ಜಪಾನಿನ ವಿಜ್ಞಾನಿಗಳು ನಾಟಿಗೆ ಮುಂಚೆ ಸಸಿ ಬೇರನ್ನ ರಂಜಕ ಕಲಸಿದ ಕೆಸರಲ್ಲಿ ಅದ್ದೋ ಪದ್ಧತಿ ತಂದು ಒಳ್ಳೆ ಫಲಿತಾಂಶ ಕಂಡಿದ್ದಾರೆ. ಬೀಜಕ್ಕೆ ಹಿಡಿಸಲಾರದ ರಂಜಕನ ಬೇರಿಗೆ ಮೆತ್ತೋ ಉಪಾಯ ಅದು, ನಮ್ಮ ನಾಟಿ ಗದ್ದೆಗಳಲ್ಲಿ ಯಾಕೆ ಇದರ ಮಾತೇ ಇಲ್ಲ ಅಂತ ಅನಿಸುತ್ತೆ.

ಅನುಮಾನ ಇರೋರು ಏನಂತಾರೆ

ಇವರ ಮೊದಲ ಆಕ್ಷೇಪ ನನಗೂ ಸರಿ ಅನಿಸೋದು. ಜಿಂಕಲ್ಲಿ ನೆನೆಸಿದ ಬೀಜನ ಒಣ ಬೀಜದ ಜೊತೆ ಹೋಲಿಸಿ ಶೇ ಇಷ್ಟು ಜಾಸ್ತಿ ಮೊಳಕೆ ಬಂತು ಅಂತ ಹೇಳಿದ್ರೆ ಅದರಲ್ಲಿ ಜಿಂಕ್ ಪಾಲೆಷ್ಟು, ನೀರಿನ ಪಾಲೆಷ್ಟು ಅಂತ ಗೊತ್ತಾಗಲ್ಲ. ಬೇಗ ಮೊಳಕೆ ಬರೋದು, ಒಟ್ಟಿಗೆ ಬರೋದು, ಈ ಎರಡೂ ಬರೀ ನೀರಲ್ಲಿ ನೆನೆಸಿದ್ರೂ ಬಹುಪಾಲು ಸಿಗುತ್ತೆ. ಹೋಲಿಕೆ ಮಾಡಬೇಕಾಗಿರೋದು ಬರೀ ನೀರಲ್ಲಿ ನೆನೆಸಿದ ಬೀಜದ ಜೊತೆ. ಪ್ರಚಾರದ ಪಾಂಪ್ಲೆಟಲ್ಲಿ ಎರಡು ಗ್ಲಾಸು ಪಕ್ಕಪಕ್ಕ ಇಟ್ಟು ಫೋಟೋ ಹಾಕ್ತಾರಲ್ಲ, ಆ ಎರಡನೇ ಗ್ಲಾಸಲ್ಲಿ ಇರೋದು ಒಣ ಬೀಜದ ಸಸಿನಾ ಅಥವಾ ನೀರು ಕುಡಿಸಿದ ಬೀಜದ ಸಸಿನಾ ಅಂತ ಕೇಳಬೇಕು.

ಎರಡನೇದು, ಲ್ಯಾಬಲ್ಲಿ ಪೆಟ್ರಿ ತಟ್ಟೆಯಲ್ಲೋ ತೊಳೆದ ಮರಳಲ್ಲೋ ಸಸಿ ಬೆಳೆಸ್ತಾರೆ, ಅಲ್ಲಿ ಬೀಜದಲ್ಲಿ ಇರೋದು ಬಿಟ್ಟು ಬೇರೆ ಪೋಷಕಾಂಶನೇ ಇಲ್ಲ, ಹಾಗಾಗಿ ಸ್ವಲ್ಪ ಸೇರಿಸಿದ್ರೂ ಫರಕು ಎದ್ದು ಕಾಣುತ್ತೆ. ಗದ್ದೆಯಲ್ಲಿ ಮಣ್ಣು ಕೊಡ್ತಿರುತ್ತೆ, ಫರಕು ಸಣ್ಣದಾಗುತ್ತೆ. ಏಳನೇ ದಿನದ ಬೇರಿನ ಉದ್ದ ಕೊಯ್ಲಿನ ತೂಕ ಆಗ್ಬೇಕಂದ್ರೆ ಮಧ್ಯೆ ನಾಲ್ಕು ತಿಂಗಳು ಕಳೆ, ಹುಳ, ನೀರು, ಮಳೆ ಎಲ್ಲ ದಾಟಬೇಕು.

ಮೂರನೇದು ವಿಷದ ವಿಚಾರ. ಬೋರಾನ್ ಇದಕ್ಕೆ ಒಳ್ಳೆ ಉದಾಹರಣೆ. ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಜ್ಞಾನಿಗಳು ಭತ್ತದ ಮೇಲೆ ಮಾಡಿದ ಕೆಲಸದಲ್ಲಿ ಶೇ 0.001ರಷ್ಟು ಬೋರಾನ್ ಇರೋ ನೀರು ಸಸಿಗೆ ಒಳ್ಳೇದು ಮಾಡ್ತು, ಅದರ ನೂರಾರು ಪಟ್ಟು ಗಟ್ಟಿ ದ್ರಾವಣ ಮೊಳಕೆನೇ ತಡೆದುಬಿಡ್ತು. ನೂರಾರು ಪಟ್ಟು ಅಂದ್ರೆ ದೊಡ್ಡ ಅಂತರ ಅನಿಸಬಹುದು, ಆದ್ರೆ ಬೇಕಾಗೋದೇ ಚಿಟಿಕೆಯಷ್ಟು, ಕಣ್ಣಂದಾಜಲ್ಲಿ ಹಾಕಿದ್ರೆ ಎಷ್ಟೋ ಪಟ್ಟು ಜಾಸ್ತಿ ಆಗಿಬಿಡಬಹುದು. ತೂಕದ ಯಂತ್ರ ಇಲ್ಲದ ಮನೆಯಲ್ಲಿ ಬೋರಾನ್ ಜೊತೆ ಆಟ ಬೇಡ.

ನ್ಯಾನೋ ಬಗ್ಗೆ ಇರೋ ಅನುಮಾನಕ್ಕೂ ಕಾರಣ ಇದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಪ್ರಯೋಗದಲ್ಲಿ ಯೂರಿಯಾದ ಒಂದು ಭಾಗ ಕಡಿಮೆ ಮಾಡಿ ಆ ಜಾಗಕ್ಕೆ ನ್ಯಾನೋ ಯೂರಿಯಾ ಸಿಂಪಡಿಸಿದಾಗ ಭತ್ತದ ಇಳುವರಿ ಶೇ 13ರಷ್ಟು, ಗೋಧಿ ಇಳುವರಿ ಶೇ 21ಕ್ಕಿಂತ ಜಾಸ್ತಿ ಕುಸಿದಿತ್ತು. ಇದು ಎಲೆಗೆ ಹೊಡೆಯೋ ನ್ಯಾನೋ ಯೂರಿಯಾ ಬಗ್ಗೆ, ಬೀಜೋಪಚಾರದ ಬಗ್ಗೆ ಅಲ್ಲ, ಅದನ್ನ ಬೀಜ ನೆನೆಸೋದರ ವಿರುದ್ಧ ಸಾಕ್ಷಿ ಅಂತ ಬಳಸೋದು ತಪ್ಪು. ಆದ್ರೆ ಸ್ವಲ್ಪ ಕೊಟ್ಟು ಮೂಟೆ ಬಿಡಿಸೋ ವಾದ ಎಲ್ಲಿ ಬಂದ್ರೂ ಇದೇ ಪ್ರಶ್ನೆ ಕೇಳಬೇಕಾಗುತ್ತೆ.

ಕೂರಿಗೆ ಭತ್ತಕ್ಕೂ ನಾಟಿ ಭತ್ತಕ್ಕೂ ಲಾಭ ಒಂದೇ ಅಲ್ಲ

ನಾಟಿ ಮಾಡೋರಿಗೆ ಸಸಿಮಡಿ ಅನ್ನೋದು ಒಂದು ಆಸರೆ. ಚಿಕ್ಕ ಜಾಗ, ಕೊಟ್ಟಿಗೆ ಗೊಬ್ಬರ ಹಾಕಿರ್ತಾರೆ, ನೀರು ಕೈಯಲ್ಲಿದೆ, ಮೂರು ನಾಲ್ಕು ವಾರದ ಸಸಿ ಕಿತ್ತು ನೆಡ್ತಾರೆ. ಜಿಂಕ್ ಕೊಡಬೇಕು ಅಂದ್ರೆ ಮಡಿಗೇ ಕೊಡಬಹುದು, ನಾಟಿಗೆ ಮುಂಚೆ ಜಿಂಕ್ ಆಕ್ಸೈಡ್ ಕಲಸಿದ ನೀರಲ್ಲಿ ಬೇರು ಅದ್ದಬಹುದು. ಇಂಥವರಿಗೆ ಬೀಜ ಜಿಂಕಲ್ಲಿ ನೆನೆಸೋದರಿಂದ ಸಿಗೋ ಹೆಚ್ಚುವರಿ ಲಾಭ ಕಮ್ಮಿ.

ಕೂರಿಗೆ ಭತ್ತ ಹಾಗಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆ ಕೊನೆ ಭಾಗದ ರೈತರಿಗೆ ನೀರು ಯಾವಾಗ ಬರುತ್ತೋ ಎಷ್ಟು ಬರುತ್ತೋ ಅನ್ನೋ ಚಿಂತೆ ಯಾವಾಗಲೂ ಇದ್ದಿದ್ದೇ, 2024ರ ಆಗಸ್ಟಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ಮೇಲೆ ಆ ಚಿಂತೆ ಇನ್ನೂ ಹೆಚ್ಚಾಯ್ತು. ನಾಟಿಗೆ ಕೂಲಿ ಆಳುಗಳು ಸಿಗಲ್ಲ, ಸಿಕ್ಕಿದ್ರೂ ರೇಟು ಕೈಗೆಟುಕಲ್ಲ. ಹಾಗಾಗಿ ಒಣ ಹೊಲದಲ್ಲೇ ಕೂರಿಗೆ ಹಿಡಿದು ಬಿತ್ತೋರು ಹೆಚ್ಚಾಗ್ತಿದಾರೆ. ಪಂಜಾಬಲ್ಲಿ ಸರ್ಕಾರನೇ ನೇರ ಬಿತ್ತನೆಗೆ ಎಕರೆಗೆ 1500 ರೂಪಾಯಿ ಕೊಡುತ್ತೆ, ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಬಿತ್ತೋ ಮುಂಚೆ ಬೀಜನ 8ರಿಂದ 12 ಗಂಟೆ ನೆನೆಸಿ ನೆರಳಲ್ಲಿ ಆರಿಸೋಕೆ ಹೇಳುತ್ತೆ.

ಯಾಕೆ ಇಲ್ಲಿ ನೆನೆಸೋದು ಮುಖ್ಯ ಅಂದ್ರೆ, ಕೂರಿಗೆ ಭತ್ತದಲ್ಲಿ ಭತ್ತನೂ ಕಳೆನೂ ಒಂದೇ ದಿನ ಹುಟ್ಟುತ್ತವೆ. ನಾಟಿ ಗದ್ದೆಯಲ್ಲಿ ಸಸಿ ಕಳೆಗಿಂತ ಮೂರು ವಾರ ದೊಡ್ಡದು, ನೀರು ನಿಂತಿರೋದ್ರಿಂದ ಎಷ್ಟೋ ಕಳೆ ಹುಟ್ಟೋದೇ ಇಲ್ಲ. ಕೂರಿಗೆಯಲ್ಲಿ ಆ ರಕ್ಷಣೆ ಎರಡೂ ಇಲ್ಲ. ಭತ್ತ ಎರಡು ದಿನ ಮೊದಲು ಎದ್ದು, ಸಾಲು ತುಂಬಿ, ಬೇಗ ನೆಲ ಮುಚ್ಚಿದ್ರೆ ಕಳೆನಾಶಕದ ಖರ್ಚು, ಕಳೆ ತೆಗೆಯೋ ಆಳಿನ ಖರ್ಚು ಎರಡೂ ಇಳಿಯೋ ಸಾಧ್ಯತೆ ಇದೆ. ಅಲ್ಲಲ್ಲಿ ಖಾಲಿ ಬಿದ್ರೆ ಆ ಜಾಗನ ಕಳೆ ಹಿಡಿಯುತ್ತೆ, ಆಮೇಲೆ ಏನು ಗೊಬ್ಬರ ಹಾಕಿದ್ರೂ ತಿನ್ನೋದು ಕಳೆನೇ.

ಆ ಭಾಗದ ಕಪ್ಪು ಮಣ್ಣು ಕ್ಷಾರದ್ದು, ಜಿಂಕ್ ಸುಲಭಕ್ಕೆ ಬಿಟ್ಟುಕೊಡಲ್ಲ, ನೀರು ನಿಲ್ಲಿಸದ ಹೊಲದಲ್ಲಿ ಕಬ್ಬಿಣದ ಕೊರತೆಯೂ ಬಂದು ಎಳೆ ಎಲೆ ಹಳದಿ ತಿರುಗುತ್ತೆ. ಮಲೆನಾಡು ಕರಾವಳಿಯ ಹುಳಿ ಮಣ್ಣಿನ ಕಥೆ ಪೂರ್ತಿ ಬೇರೆ, ಅಲ್ಲಿ ಕೆಲವು ತಗ್ಗು ಗದ್ದೆಗಳಲ್ಲಿ ಕಬ್ಬಿಣ ಅತಿಯಾಗಿ ತೊಂದರೆ ಕೊಡುತ್ತೆ. ರಾಯಚೂರಿನ ರೈತನಿಗೆ ಹೇಳಿದ ದ್ರಾವಣನ ಶಿವಮೊಗ್ಗ ಉಡುಪಿಗೂ ಹಾಗೇ ಫಾರ್ವರ್ಡ್ ಮಾಡೋದರಲ್ಲಿ ಅರ್ಥ ಇಲ್ಲ.

ಕೂರಿಗೆಯಲ್ಲೂ ಒಂದು ಅಪಾಯ ಇದೆ. ಕೆಲವರು ಮಳೆಗೆ ಮುಂಚೆನೇ ಒಣ ಮಣ್ಣಲ್ಲಿ ಬಿತ್ತಿ ಕಾಯ್ತಾರೆ. ನೆನೆಸಿ ಒಣಗಿಸಿದ ಬೀಜ ಬಿಸಿ ಮಣ್ಣಲ್ಲಿ ವಾರಗಟ್ಟಲೆ ಕಾಯೋಕೆ ತಕ್ಕದ್ದಲ್ಲ, ಅದಕ್ಕೆ ಕಾರಣ ಮುಂದಿನ ಭಾಗದಲ್ಲಿದೆ. ಹೊಲದಲ್ಲಿ ಹದ ಇದ್ದಾಗ, ಇಲ್ಲಾ ಬಿತ್ತಿದ ಒಂದೆರಡು ದಿನದಲ್ಲಿ ನೀರು ಕೊಡ್ತೀವಿ ಅನ್ನೋ ಧೈರ್ಯ ಇದ್ದಾಗ ಮಾತ್ರ ಇದು ಸರಿ.

ರೆಡಿಮೇಡ್ ಪ್ಯಾಕೆಟ್ಟಲ್ಲಿ ಯಾಕೆ ಬರ್ತಿಲ್ಲ

ಇಷ್ಟು ಒಳ್ಳೇದಾದ್ರೆ ಬೀಜ ನಿಗಮದವರೇ ನೆನೆಸಿ ಒಣಗಿಸಿ ಪ್ಯಾಕೆಟ್ ಮಾಡಿ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಬಹುದಲ್ಲ ಅಂತ ಕೇಳೋರು ಇದ್ದಾರೆ. ತೊಡಕು ಇರೋದು ಸಂಗ್ರಹದಲ್ಲಿ. ಚೀನಾದ ವುಹಾನಿನ ಹುವಾಝೋಂಗ್ ಕೃಷಿ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸ್ತು. ಭತ್ತದ ಮಾಮೂಲಿ ಬೀಜನ 25 ಡಿಗ್ರಿಯಲ್ಲಿ 210 ದಿನ ಇಟ್ರೂ ಏನೂ ಆಗಲಿಲ್ಲ. ಪ್ರೈಮ್ ಮಾಡಿದ ಬೀಜ ಅದೇ 25 ಡಿಗ್ರಿಯಲ್ಲಿ 15 ದಿನ ದಾಟಿದ ಮೇಲೆ ಕೆಡೋಕೆ ಶುರುವಾಯ್ತು. ಸೊನ್ನೆಗಿಂತ 4 ಡಿಗ್ರಿ ಕೆಳಗೆ ಇಟ್ಟಿದ್ದು ಮಾತ್ರ ಚೆನ್ನಾಗಿತ್ತು.

ನಮ್ಮ ರಾಯಚೂರು ಬಳ್ಳಾರಿ ಗೋದಾಮುಗಳು ಮೇ ತಿಂಗಳಲ್ಲಿ 25 ಡಿಗ್ರಿ ಇರಲ್ಲ, ಹೊರಗಿನ ಬಿಸಿಲೇ 40 ದಾಟಿರುತ್ತೆ. ಬೀಜ ಎಚ್ಚರಗೊಂಡು ಕೆಲಸ ಶುರುಮಾಡಿ ಮತ್ತೆ ಮಲಗಿರುತ್ತೆ, ಆ ಸ್ಥಿತಿಯಲ್ಲಿ ಅದರ ಆಯಸ್ಸು ಕಮ್ಮಿ. ಹಾಗಾಗಿ ಇದು ಬಿತ್ತನೆಗೆ ಒಂದೆರಡು ದಿನ ಮುಂಚೆ ರೈತನ ಮನೆಯಲ್ಲೇ ಆಗಬೇಕಾದ ಕೆಲಸ. ನೆನೆಸಿ ಒಣಗಿಸಿದ್ದು ಅಂತ ಹೇಳಿ ಯಾರಾದ್ರೂ ತಿಂಗಳುಗಟ್ಟಲೆ ಅಂಗಡಿಯಲ್ಲಿ ಇಟ್ಟ ಭತ್ತದ ಬೀಜ ಮಾರಿದ್ರೆ ಮೊಳಕೆ ಪರೀಕ್ಷೆ ಮಾಡದೆ ತಗೋಬೇಡಿ.

ಮಾಡೋದಾದ್ರೆ ಹೇಗೆ

20 ಕೆಜಿ ಬೀಜಕ್ಕೆ 20 ಲೀಟರ್ ನೀರು, ಅದರಲ್ಲಿ 100 ಗ್ರಾಂ ಜಿಂಕ್ ಸಲ್ಫೇಟ್ ಕರಗಿಸಿದ್ರೆ ಶೇ 0.5 ಆಗುತ್ತೆ. ಜಿಂಕ್ ಸಲ್ಫೇಟ್ ಪ್ಯಾಕೆಟ್ಟಲ್ಲಿ ಶೇ 21 ಮತ್ತು ಶೇ 33 ಅಂತ ಎರಡು ಥರ ಬರುತ್ತೆ, ಈ ಲೆಕ್ಕ 21ರದ್ದು, 33 ಆದ್ರೆ ಅದಕ್ಕೆ ತಕ್ಕ ಹಾಗೆ ಕಮ್ಮಿ ಮಾಡಬೇಕು. ಇದರಲ್ಲಿ ಕಲಬೆರಕೆ ಜಾಸ್ತಿ, ನೋಡೋಕೆ ಒಂದೇ ಥರ ಇರೋ ಮೆಗ್ನೀಸಿಯಂ ಸಲ್ಫೇಟ್ ಸೇರಿಸಿಬಿಡ್ತಾರೆ, ಬಿಲ್ ಇಲ್ಲದ ಕಡೆ ತಗೊಳ್ಳೋದು ಬೇಡ. ಪ್ಲಾಸ್ಟಿಕ್ ಡ್ರಮ್ಮಲ್ಲಿ 12ರಿಂದ 16 ಗಂಟೆ ನೆನೆಸಿ, ಸೆಖೆ ಜಾಸ್ತಿ ಇದ್ರೆ 12ಕ್ಕೇ ನಿಲ್ಲಿಸಿ, ಒಮ್ಮೆ ಚೆನ್ನಾಗಿ ತೊಳೆದು ನೆರಳಲ್ಲಿ ತೆಳುವಾಗಿ ಹರಡಿ ಆಗಾಗ ಕೈಯಾಡಿಸಿ. ಬಿಸಿಲಿಗೆ ಹಾಕಬಾರದು. ಕೂರಿಗೆಯಲ್ಲಿ ಅಂಟದೆ ಇಳಿಯೋವಷ್ಟು ಒಣಗಿದ್ರೆ ಬಿತ್ತಬಹುದು.

ಜಿಂಕ್ ನೀರಿಗೆ ಡಿಎಪಿಯನ್ನೋ ಬೇರೆ ರಂಜಕದ ಗೊಬ್ಬರವನ್ನೋ ಸೇರಿಸಬಾರದು, ಎರಡೂ ಕೂಡಿ ಕರಗದ ಗಸಿ ಆಗಿ ತಳಕ್ಕೆ ಕೂರುತ್ತೆ, ಎರಡೂ ದಂಡ. ಕಂಪನಿಯಿಂದಲೇ ಬಣ್ಣದ ಔಷಧಿ ಹಚ್ಚಿ ಬಂದ ಬೀಜನ ನೆನೆಸಬಾರದು, ಔಷಧಿ ನೀರಿಗೆ ಬಿಡುತ್ತೆ, ಬೀಜಕ್ಕೆ ರಕ್ಷಣೆನೂ ಹೋಯ್ತು, ಆ ನೀರು ದನಕರು ಕುಡಿದ್ರೆ ಅಪಾಯ. ಶಿಲೀಂಧ್ರನಾಶಕನೋ ರೋಗ ತಡೆಯೋ ಟ್ರೈಕೋಡರ್ಮಾ ಅನ್ನೋ ಒಳ್ಳೆ ಶಿಲೀಂಧ್ರನೋ ಬೇಕಿದ್ರೆ ನೆನೆಸಿ ಒಣಗಿಸಿದ ಮೇಲೆ ಹಚ್ಚಬೇಕು.

ಎಲ್ಲಕ್ಕಿಂತ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸೋದು ಒಳ್ಳೇದು. 95 ಬಂದ್ರೆ ನೆನೆಸೋದರಿಂದ ಮೊಳಕೆ ಸಂಖ್ಯೆಯಲ್ಲಿ ಹೆಚ್ಚೇನೂ ಸಿಗಲ್ಲ, ಸಿಗೋದು ವೇಗ ಮತ್ತು ಒಂದೇ ಸಮ ಬರೋದು. 75 80 ಬಂದ ಬೀಜದಲ್ಲಿ ಒಂದಷ್ಟು ಸುಧಾರಣೆ ಕಾಣಬಹುದು. 50 ಬಂದ್ರೆ ಬೀಜನೇ ಬದಲಾಯಿಸಬೇಕು, ಸತ್ತ ಕಾಳಿಗೆ ಯಾವ ಜಿಂಕೂ ಜೀವ ಕೊಡಲ್ಲ.

ಮುಂದೆ ಏನಾಗಬಹುದು

ಗೊಬ್ಬರದ ಕೊರತೆ ಮುಂದುವರಿದ್ರೆ ಬೀಜೋಪಚಾರದ ಬಾಟಲಿಗಳ ಪ್ರಚಾರ ಇನ್ನೂ ಜೋರಾಗುತ್ತೆ. ಭಯ ಇರೋದು ಇಲ್ಲೇ. ಸಸಿ ಮೊದಲ ಮೂರು ವಾರ ದಟ್ಟ ಹಸಿರಾಗಿ ಕಂಡು ರೈತ ತಳಗೊಬ್ಬರ ಬಿಟ್ಟುಬಿಟ್ರೆ, ತೆಂಡೆ ಒಡೆಯೋ ಹೊತ್ತಿಗೆ ಹಸಿವು ಗೊತ್ತಾಗುತ್ತೆ, ಅಷ್ಟೊತ್ತಿಗೆ ರಂಜಕ ಹಾಕಿದ್ರೂ ತಡ. ಕಳೆದ ವರ್ಷಗಳಲ್ಲಿ ಧಾರಾಳ ಡಿಎಪಿ ಹಾಕಿದ ಹೊಲದಲ್ಲಿ ಒಂದು ಸೀಸನ್ ಮಣ್ಣಿನ ಉಳಿಕೆಯಿಂದಲೇ ಇಳುವರಿ ಬಂದುಬಿಡಬಹುದು, ಆ ಹೆಸರು ಬಾಟಲಿಗೆ ಹೋಗುತ್ತೆ, ಎರಡು ಮೂರು ಬೆಳೆ ಆದ ಮೇಲೆ ಮಣ್ಣು ಬರಿದಾಗಿರೋದು ಗೊತ್ತಾಗುತ್ತೆ. ತಳಗೊಬ್ಬರ ಕಮ್ಮಿ ಮಾಡೋದಾದ್ರೆ ಅದಕ್ಕೆ ಆಧಾರ ಮಣ್ಣು ಪರೀಕ್ಷೆ ರಿಪೋರ್ಟು ಆಗಬೇಕು. ರಂಜಕ ಜಾಸ್ತಿ ಅಂತ ರಿಪೋರ್ಟ್ ಬಂದ ಹೊಲದಲ್ಲಿ ಬಾಟಲಿ ಇಲ್ಲದೆನೂ ಡಿಎಪಿ ಇಳಿಸಬಹುದು.

ಇನ್ನೊಂದು ಕಡೆ, ಬಾಟಲಿ ಮೇಲಿನ ಸಿಟ್ಟಿಗೆ ಬೀಜ ನೆನೆಸೋ ಪದ್ಧತಿನೇ ಸುಳ್ಳು ಅಂತ ಬಿಟ್ಟುಬಿಟ್ರೆ ಕೂರಿಗೆ ರೈತರಿಗೆ ನಷ್ಟ. ನೀರು, ಒಂದು ಡ್ರಮ್ಮು, ನೂರು ಗ್ರಾಂ ಜಿಂಕ್, ಒಂದು ನೆರಳು, ಇಷ್ಟರಲ್ಲಿ ಆಗೋ ಕೆಲಸ ಇದು, ಇದನ್ನ ಮಾರೋಕೆ ಯಾವ ಕಂಪನಿಗೂ ಆಸಕ್ತಿ ಇಲ್ಲ, ಅದಕ್ಕೇ ಇದರ ಜಾಹೀರಾತು ಎಲ್ಲೂ ಕಾಣಲ್ಲ. ಕೃಷಿ ಇಲಾಖೆ ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಹೋಬಳಿಗೆ ಒಂದು ಹೊಲದಲ್ಲಾದ್ರೂ ಮೂರು ಪಟ್ಟಿ ಹಾಕಿ ತೋರಿಸಬೇಕು: ಒಂದರಲ್ಲಿ ಒಣ ಬೀಜ, ಒಂದರಲ್ಲಿ ಬರೀ ನೀರಲ್ಲಿ ನೆನೆಸಿದ್ದು, ಒಂದರಲ್ಲಿ ಜಿಂಕ್ ನೀರಲ್ಲಿ ನೆನೆಸಿದ್ದು, ಮೂರಕ್ಕೂ ತಳಗೊಬ್ಬರ ಒಂದೇ. ಎಷ್ಟನೇ ದಿನ ಎಷ್ಟು ಸಸಿ ಎದ್ದವು, ಕಳೆಗೆ ಎಷ್ಟು ಆಳು ಬೇಕಾಯ್ತು, ಕೊಯ್ಲಲ್ಲಿ ಎಷ್ಟು ಚೀಲ ಆಯ್ತು ಅಂತ ಮೂರಕ್ಕೂ ಬೇರೆ ಬೇರೆ ಬರೆದು ಆ ಊರಿನ ರೈತರ ಮುಂದೆ ಇಡಬೇಕು.